ಗುಂಡಿ, ದಾರ, ರಟ್ಟಿನ ಪೆಟ್ಟಿಗೆ: ಬೆಕ್ಕಿನ ಆಟದ ಸಾಮಾನು

ಬೆಕ್ಕು ಸಾಕಿದ ಮನೆಗಳಲ್ಲಿ ಹಣ ಕೊಟ್ಟು ತಂದ ಆಟಿಕೆ ಮೂಲೆ ಸೇರಿ ಧೂಳು ಹಿಡಿಯುವುದೂ, ನೀರಿನ ಬಾಟಲಿಯ ಮುಚ್ಚಳ, ಈಳಿಗೆಮಣೆಯಿಂದ ಸಿಡಿದ ಬೆಂಡೆಕಾಯಿಯ ತೊಟ್ಟು, ಹೂ ಕಟ್ಟಿ ಉಳಿದ ಬಾಳೆನಾರು, ಅಂಗಿಯಿಂದ ಉದುರಿದ ಗುಂಡಿ ಮುಂತಾದವುಗಳ ಹಿಂದೆ ಬೆಕ್ಕು ಮನೆಯಿಡೀ ಓಡಾಡುವುದೂ ಸಾಮಾನ್ಯವಾಗಿ ಕಂಡುಬರುವ ಸಂಗತಿ. ಇದನ್ನು ಬೆಕ್ಕಿನ ಚೇಷ್ಟೆ ಎಂದೋ ಹಟ ಎಂದೋ ತಳ್ಳಿಹಾಕುವುದು ರೂಢಿಯಾದರೂ, ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡುವವರಿಗೆ ಈ ಆಯ್ಕೆಯ ಹಿಂದೆ ಸಾಕಷ್ಟು ಖಚಿತವಾದ ಕಾರಣಗಳು ಕಾಣಿಸಿವೆ. ವಸ್ತುವಿನ ಬೆಲೆಯಾಗಲಿ ಬಣ್ಣವಾಗಲಿ ಬೆಕ್ಕಿಗೆ ಮುಖ್ಯವಲ್ಲ. ಅದು ಹೇಗೆ ಉರುಳುತ್ತದೆ, ಎಂಥ ಸದ್ದು ಮಾಡುತ್ತದೆ, ಪಂಜಕ್ಕೆ ಸಿಕ್ಕಿದಾಗ ಹರಿಯುತ್ತದೆಯೇ, ನಾಳೆಯೂ ಇಂದಿನಂತೆಯೇ ಇರುತ್ತದೆಯೇ ಎಂಬುದರ ಮೇಲೆ ಅದರ ಆಸಕ್ತಿ ನಿಂತಿದೆ. ಈ ಪರೀಕ್ಷೆಯಲ್ಲಿ ಗಟ್ಟಿಮುಟ್ಟಾದ ಅಂಗಡಿಯ ಆಟಿಕೆಗಿಂತ ಮನೆಯ ಹಾಳುಮೂಳು ಹೆಚ್ಚು ಅಂಕ ಗಳಿಸುತ್ತದೆ. ಅದೇ ಗುಣಗಳಿಂದಾಗಿ ಆ ಹಾಳುಮೂಳಿನಲ್ಲಿ ಕೆಲವು ಬೆಕ್ಕಿನ ಪ್ರಾಣಕ್ಕೂ ಎರವಾಗುತ್ತವೆ.

ಬೆಕ್ಕಿನ ಆಟವನ್ನು ವಿಜ್ಞಾನಿಗಳು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಮರಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುವ, ಅಟ್ಟಿಸಿಕೊಂಡು ಹೋಗುವ, ತಾಯಿಯ ಬಾಲ ಹಿಡಿಯುವ ಆಟವು ಸಾಮಾಜಿಕ ಕ್ರೀಡೆಯಾದರೆ, ನಿರ್ಜೀವ ವಸ್ತುವನ್ನು ತಟ್ಟಿ, ಉರುಳಿಸಿ, ಹಿಡಿದು, ಕಚ್ಚಿ ಆಡುವುದನ್ನು ವಸ್ತುಕ್ರೀಡೆ ಎನ್ನುತ್ತಾರೆ. ಮೊದಲನೆಯದು ಮರಿಗೆ ಸುಮಾರು ನಾಲ್ಕು ವಾರ ತುಂಬುವ ಹೊತ್ತಿಗೆ ಆರಂಭವಾಗುತ್ತದೆ. ಕಣ್ಣು ಗುರುತಿಸಿದ ಜಾಗಕ್ಕೇ ಪಂಜ ತಪ್ಪದೆ ತಲುಪುವ ಹೊಂದಾಣಿಕೆ ಏಳೆಂಟು ವಾರಗಳಲ್ಲಿ ಕುದುರುವುದರಿಂದ, ವಸ್ತುಕ್ರೀಡೆ ಆ ವಯಸ್ಸಿನಲ್ಲಿ ಒಮ್ಮೆಗೇ ಹೆಚ್ಚಾಗುತ್ತದೆ. ಮರಿಗಳು ಬೆಳೆದಂತೆ ಪರಸ್ಪರ ಆಟ ಕಡಿಮೆಯಾಗಿ ಕೆಲವೊಮ್ಮೆ ನಿಜವಾದ ಜಗಳಕ್ಕೂ ತಿರುಗುವುದುಂಟು. ವಸ್ತುಕ್ರೀಡೆ ಮಾತ್ರ ಪ್ರೌಢ ವಯಸ್ಸಿನಲ್ಲಿಯೂ ಉಳಿದುಕೊಳ್ಳುತ್ತದೆ. ಈ ಅಧ್ಯಾಯಕ್ಕೆ ಸಂಬಂಧಿಸಿದ್ದು ಈ ಎರಡನೆಯ ಬಗೆ.

ಸಾಕುಬೆಕ್ಕು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕಿನ ಸಂತತಿಯೆಂಬುದು ವಂಶವಾಹಿಗಳ ಹೋಲಿಕೆಯಿಂದ ತಿಳಿದುಬಂದಿದೆ. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರ ದೊರೆತುದನ್ನು ಪುರಾತತ್ತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಧಾನ್ಯದ ಕಣಜಗಳಿಗೆ ಇಲಿ ಬಂದುದರಿಂದ, ಇಲಿಯ ಬೆನ್ನಿಗೆ ಬೆಕ್ಕೂ ಮನುಷ್ಯನ ಬಳಿಗೆ ಬಂದಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ನಾಯಿಯನ್ನು ಕಾವಲಿಗೆ, ಕುರಿ ಮೇಯಿಸಲು, ಬೇಟೆಗೆ ಎಂದು ಮನುಷ್ಯನು ಬೇಕಾದಂತೆ ತಿದ್ದಿ ತಳಿ ಬೆಳೆಸಿದನು. ಬೆಕ್ಕು ತಾನಾಗಿಯೇ ಮಾಡುತ್ತಿದ್ದ ಕೆಲಸದಿಂದಲೇ ಅವನಿಗೆ ಪ್ರಯೋಜನವಿದ್ದುದರಿಂದ ಅದರ ಬೇಟೆಯ ಸ್ವಭಾವವನ್ನು ಬದಲಿಸುವ ಅಗತ್ಯವೇ ಬೀಳಲಿಲ್ಲ. ಜರ್ಮನಿಯ ಪ್ರಾಣಿವರ್ತನ ವಿಜ್ಞಾನಿ ಪಾಲ್ ಲೈಹೌಸನ್ ಅವರು ಬೆಕ್ಕಿನ ಬೇಟೆಯನ್ನು ದೀರ್ಘಕಾಲ ಗಮನಿಸಿ, ಹೊಂಚುಹಾಕುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು ಈ ಒಂದೊಂದಕ್ಕೂ ಬೇರೆ ಬೇರೆ ಪ್ರೇರಣೆಯಿದೆಯೆಂದೂ, ಹೊಟ್ಟೆ ತುಂಬಿದ ಮಾತ್ರಕ್ಕೆ ಹೊಂಚುಹಾಕುವ ಪ್ರೇರಣೆ ಅಡಗಿಹೋಗುವುದಿಲ್ಲವೆಂದೂ ತೋರಿಸಿದರು. ತಟ್ಟೆ ತುಂಬ ಅನ್ನ, ಮೀನು ಉಂಡ ಬೆಕ್ಕು ಮರುಗಳಿಗೆಯಲ್ಲಿ ಪೊರಕೆಯ ಕಡ್ಡಿಗೆ ಹೊಂಚುಹಾಕುವುದರ ಅರ್ಥ ಇದರಿಂದ ತಿಳಿಯುತ್ತದೆ.

ಬೇಟೆಯ ಹಂತಗಳನ್ನು ನಿರ್ಜೀವ ವಸ್ತುವಿನಲ್ಲಿ ಗುರುತಿಸುವುದು ಕಷ್ಟವಲ್ಲ. ಕೆಂಪು ಗಾರೆಯ ನುಣುಪು ನೆಲದ ಮೇಲೆ ಬಿದ್ದ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಕಂಡ ಬೆಕ್ಕು ಮೊದಲು ಮುಂಗಾಲೊಂದನ್ನು ಅರ್ಧ ಮಡಚಿ, ಪಂಜದ ತುದಿಯಿಂದ ಅದನ್ನು ಮುಟ್ಟಿಯೂ ಮುಟ್ಟದಂತೆ ತಾಗಿಸಿ, ತಕ್ಷಣ ಕಾಲು ಹಿಂದಕ್ಕೆಳೆದುಕೊಳ್ಳುತ್ತದೆ. ಮುಚ್ಚಳವು ಓರೆಯಾಗಿ ಜಾರಿ, ಅಂಚಿನ ಮೇಲೆ ನಿಂತು, ಗಿರ್ರನೆ ಸುತ್ತಿ ಮಲಗುತ್ತದೆ. ಬೆಕ್ಕು ಹಿಂಭಾಗವನ್ನು ಎತ್ತಿ ಅತ್ತಿತ್ತ ಅಲುಗಿಸಿ, ನೆಗೆದು, ಎರಡು ಮುಂಗಾಲುಗಳ ನಡುವೆ ಅದನ್ನು ಅದುಮುತ್ತದೆ, ಕಚ್ಚಿ ನೋಡುತ್ತದೆ, ಬಿಟ್ಟು, ಬೇಕೆಂದೇ ಕಪಾಟಿನ ಅಡಿಗೆ ತಳ್ಳಿ, ಕೆನ್ನೆಯನ್ನು ನೆಲಕ್ಕೆ ಒತ್ತಿ, ಕಾಣದ ಆ ವಸ್ತುವಿಗಾಗಿ ಮೊಣಕೈವರೆಗೆ ಕಾಲು ತೂರಿಸಿ ತಡಕಾಡುತ್ತದೆ. ಬಿಲದೊಳಗೆ ನುಸುಳಿದ ಇಲಿಯನ್ನು ಹೊರಗೆಳೆಯುವ ಕ್ರಮವೂ ಇದೇ. ನೆಲ ಒರಟಾಗಿದ್ದರೆ ಅಥವಾ ಜಮಖಾನ ಹಾಸಿದ್ದರೆ ಅದೇ ಮುಚ್ಚಳದ ಆಕರ್ಷಣೆ ಅರ್ಧಕ್ಕಿಳಿಯುತ್ತದೆ, ಏಕೆಂದರೆ ಅಲ್ಲಿ ಸಣ್ಣ ತಟ್ಟಿಗೆ ದೊಡ್ಡ ಓಟ ಸಿಗುವುದಿಲ್ಲ.

ಇಂಥ ವಸ್ತು ಬೆಕ್ಕಿನ ಇಂದ್ರಿಯಗಳಿಗೆ ಒಗ್ಗುವ ಬಗೆಯೂ ಗಮನಾರ್ಹ. ಬೆಕ್ಕಿನ ಅಕ್ಷಿಪಟದಲ್ಲಿ ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಹೇರಳವಾಗಿವೆ, ಬಣ್ಣ ಗ್ರಹಿಸುವ ಕೋಶಗಳು ಕಡಿಮೆ. ನೀಲಿ ಮತ್ತು ಹಳದಿ ಛಾಯೆಗಳನ್ನು ಅದು ಬೇರ್ಪಡಿಸಬಲ್ಲದು, ಕೆಂಪು ಮತ್ತು ಹಸಿರಿನ ವ್ಯತ್ಯಾಸ ಅದಕ್ಕೆ ಅಷ್ಟಾಗಿ ತಿಳಿಯದು. ಆದ್ದರಿಂದ ಆಟಿಕೆಯ ಉಜ್ಜ್ವಲವಾದ ಕೆಂಪು ಬಣ್ಣವು ಕೊಳ್ಳುವವರ ಕಣ್ಣಿಗೆ ಹಚ್ಚಿದ ಬಣ್ಣವೇ ಹೊರತು ಬೆಕ್ಕಿಗೆ ಸಂಬಂಧಪಟ್ಟದ್ದಲ್ಲ. ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರದ ವಸ್ತು ಬೆಕ್ಕಿನ ಕಣ್ಣಿಗೆ ಮಸುಕಾಗುತ್ತದೆ. ಬಾಯಿಯ ಬಳಿ ಬಂದುದನ್ನು ಅದು ಮುಂದಕ್ಕೆ ಚಾಚಿದ ಮೀಸೆಯಿಂದಲೂ ಮುಂಗಾಲಿನ ಹಿಂಬದಿಯಲ್ಲಿರುವ ಸ್ಪರ್ಶಗ್ರಾಹಿ ಕೂದಲುಗಳಿಂದಲೂ ಪಂಜದ ಮೆತ್ತೆಗಳಿಂದಲೂ ಅರಿಯುತ್ತದೆ. ಹೀಗಾಗಿ ಮೂಗಿನ ಮುಂದೆ ಹಿಡಿದು ಆಡಿಸಿದ ದಾರಕ್ಕಿಂತ, ದೂರದಲ್ಲಿ ಅಡ್ಡಡ್ಡ ಹಾದು ಬಾಗಿಲ ಮರೆಯಲ್ಲಿ ಮಾಯವಾಗುವ ದಾರ ಅದನ್ನು ಹೆಚ್ಚು ಸೆಳೆಯುತ್ತದೆ. ಮನೆಮಂದಿ ಆಟವಾಡಿಸುವಾಗ ಸಾಮಾನ್ಯವಾಗಿ ಮಾಡುವ ತಪ್ಪು ಇದೇ: ವಸ್ತುವನ್ನು ಬೆಕ್ಕಿನ ಮುಖಕ್ಕೇ ಒಯ್ದು ಅಲ್ಲಾಡಿಸುತ್ತಾರೆ. ತಾನಾಗಿ ಬೆಕ್ಕಿನ ಬಾಯಿಗೆ ನಡೆದು ಬರುವ ಇಲಿಯನ್ನು ಯಾವ ಬೆಕ್ಕೂ ಕಂಡಿರಲಾರದು.

ಕಿವಿಯ ಪಾತ್ರವೂ ಕಡಿಮೆಯದಲ್ಲ. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳುಳ್ಳ ಸದ್ದು ಮಾತ್ರ ಕೇಳಿಸಿದರೆ, ಬೆಕ್ಕಿಗೆ ಸುಮಾರು 85,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ಇಲಿಗಳು ಪರಸ್ಪರ ಹೊರಡಿಸುವ, ಮನುಷ್ಯನಿಗೆ ಕೇಳಿಸದ ಕೀರಲು ಸದ್ದುಗಳು ಈ ಹರವಿನೊಳಗೇ ಬರುತ್ತವೆ. ಮುದುಡಿದ ವೃತ್ತಪತ್ರಿಕೆ, ಬಿಸ್ಕತ್ತಿನ ಹೊದಿಕೆ, ಒಣಗಿದ ಬಾಳೆಯೆಲೆ ಇವುಗಳ ಸರಪರ ಸದ್ದಿನಲ್ಲಿ ಮೇಲುಸ್ತರದ ಕಂಪನಗಳು ಧಾರಾಳವಾಗಿರುವುದರಿಂದ ಪಕ್ಕದ ಕೋಣೆಯಲ್ಲಿ ಮಲಗಿದ್ದ ಬೆಕ್ಕೂ ಎದ್ದು ಬರುತ್ತದೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸಹೋ ತಕಾಗಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸದ್ದಿನಿಂದ ಬೆಕ್ಕು ಏನನ್ನು ಊಹಿಸಬಲ್ಲದೆಂಬುದನ್ನು ತೋರಿಸುತ್ತದೆ. 30 ಬೆಕ್ಕುಗಳ ಮುಂದೆ ಪೆಟ್ಟಿಗೆಯನ್ನು ಅಲ್ಲಾಡಿಸಿ ಬಳಿಕ ಬೋರಲು ಹಾಕಲಾಯಿತು. ಕೆಲವು ಸಲ ಗಡಗಡ ಸದ್ದಾಗಿ ಗುಂಡು ಬಿತ್ತು, ಕೆಲವು ಸಲ ಸದ್ದಾದರೂ ಏನೂ ಬೀಳಲಿಲ್ಲ, ಮತ್ತೆ ಕೆಲವು ಸಲ ಸದ್ದೇ ಇಲ್ಲದೆ ಗುಂಡು ಬಿತ್ತು. ಸದ್ದಿಗೂ ಫಲಿತಾಂಶಕ್ಕೂ ತಾಳೆಯಾಗದಿದ್ದಾಗ ಬೆಕ್ಕುಗಳು ಪೆಟ್ಟಿಗೆಯನ್ನು ಹೆಚ್ಚು ಹೊತ್ತು ದಿಟ್ಟಿಸಿದವು. ಮರೆಯಲ್ಲಿ ಸದ್ದು ಮಾಡಿದ್ದು ಹೊರಬರಲೇಬೇಕೆಂಬ ನಿರೀಕ್ಷೆ ಅವುಗಳಿಗಿತ್ತು ಎಂಬುದು ಸಂಶೋಧಕರ ಅರ್ಥೈಕೆ. ಹುಣಸೆಬೀಜ ಹಾಕಿ ಬಿಗಿಯಾಗಿ ಮುಚ್ಚಿದ ಡಬ್ಬಿಯನ್ನು ಬೆಕ್ಕು ಅಷ್ಟು ಶ್ರದ್ಧೆಯಿಂದ ಉರುಳಿಸುವುದು ಈ ಹಿನ್ನೆಲೆಯಲ್ಲಿ ಸೋಜಿಗವಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಕನ್ನಡದ ಗಾದೆಯಲ್ಲಿ ಬೆಕ್ಕು ಕ್ರೂರಿ. ಕೈಗೆ ಸಿಕ್ಕ ಬಡಪ್ರಾಣಿಯನ್ನು ಬೇಕೆಂದೇ ಸತಾಯಿಸುವ ಬಲಶಾಲಿ. ಗಾದೆಯ ಲೋಕಾನುಭವದ ಬಗ್ಗೆ ತಕರಾರಿಲ್ಲ, ಆದರೆ ಬೆಕ್ಕಿನ ಬಗ್ಗೆ ಅದು ಹೇಳುವುದು ಪೂರ್ತಿ ಸರಿಯಲ್ಲ. ಮ್ಯಾಕ್ಸೀನ್ ಬಿಬೆನ್ ಎಂಬ ವಿಜ್ಞಾನಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿವು ಹೆಚ್ಚಿದಷ್ಟೂ ಬೆಕ್ಕು ಬೇಟೆಯನ್ನು ಕೊಲ್ಲುವ ಸಂಭವ ಹೆಚ್ಚುತ್ತದೆಂದೂ, ಬೇಟೆ ದೊಡ್ಡದಾಗಿ ಅಪಾಯಕಾರಿಯಾದಷ್ಟೂ ಆ ಸಂಭವ ತಗ್ಗುತ್ತದೆಂದೂ, ಈ ಎರಡು ಸೆಳೆತಗಳು ಎದುರುಬದುರಾದಾಗ ಬೆಕ್ಕು ಬೇಟೆಯೊಡನೆ ಆಡತೊಡಗುತ್ತದೆಂದೂ ಕಂಡುಬಂತು. ಹೆಗ್ಗಣದ ಹಲ್ಲು ಬೆಕ್ಕಿನ ಮುಖವನ್ನು ಸೀಳಬಲ್ಲದು. ಕೊರಳಿಗೆ ಬಾಯಿ ಹಾಕುವ ಮುನ್ನ ಅದನ್ನು ದೂರದಿಂದ ತಟ್ಟಿ ತಟ್ಟಿ ದಣಿಸುವುದರಲ್ಲಿ ಎಚ್ಚರವೇ ಹೆಚ್ಚು. ಬಾಟಲಿಯ ಮುಚ್ಚಳವನ್ನು ತಾಗಿಸಿ ಕಾಲು ಹಿಂದಕ್ಕೆಳೆದುಕೊಳ್ಳುವ ಚಲನೆಯಲ್ಲಿಯೂ ಇದೇ ಅಳುಕಿನ ಗುರುತು ಇದೆ.

ವಸ್ತುಕ್ರೀಡೆಗೂ ಹಸಿವಿಗೂ ಇರುವ ನಂಟನ್ನು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಾರಾ ಹಾಲ್ ಮತ್ತು ಜಾನ್ ಬ್ರಾಡ್‌ಶಾ ಅವರು ಇನ್ನಷ್ಟು ಬಿಡಿಸಿ ನೋಡಿದರು. 1998ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಕೃತಕ ತುಪ್ಪಳದ ಆಟಿಕೆಗಳನ್ನು ದಾರಕ್ಕೆ ಕಟ್ಟಿ ಪ್ರೌಢ ಬೆಕ್ಕುಗಳ ಮುಂದೆ ಆಡಿಸಿದಾಗ, ಹೊಟ್ಟೆ ಹಸಿದ ಬೆಕ್ಕುಗಳು ಹೆಚ್ಚು ಆವೇಶದಿಂದ ಆಡಿದವಲ್ಲದೆ, ತುಂಬಿದ ಹೊಟ್ಟೆಯಲ್ಲಿ ಹಿಂಜರಿಯುತ್ತಿದ್ದ ದೊಡ್ಡ ಆಟಿಕೆಯ ಮೇಲೂ ಬಿದ್ದವು. ಆಟವು ಬಿಡುವಿನ ವಿನೋದವಷ್ಟೇ ಆಗಿದ್ದರೆ ಹಸಿದ ಪ್ರಾಣಿ ಅದನ್ನು ಮೊದಲು ಕೈಬಿಡಬೇಕಿತ್ತು. ಪ್ರೌಢ ಬೆಕ್ಕಿನ ಮಟ್ಟಿಗೆ ವಸ್ತುಕ್ರೀಡೆಯು ಬೇಟೆಯ ಪ್ರೇರಣೆಯದೇ ಇನ್ನೊಂದು ರೂಪವೆಂಬ ತೀರ್ಮಾನಕ್ಕೆ ಇದು ಬಲ ಕೊಟ್ಟಿತು.

ಇದೇ ತಂಡ 2002ರಲ್ಲಿ ಪ್ರಕಟಿಸಿದ ಮತ್ತೊಂದು ಪ್ರಯೋಗವು ಮೂಲೆ ಸೇರಿದ ಆಟಿಕೆಗಳ ಒಗಟನ್ನು ಬಿಡಿಸುತ್ತದೆ. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಒಡ್ಡಿದಾಗ ಬೆಕ್ಕುಗಳ ಆಸಕ್ತಿ ಬೇಗನೆ ಕುಸಿದು, ಮೂರನೆಯ ಸರದಿಯ ಹೊತ್ತಿಗೆ ಅವು ಅದರತ್ತ ಹೆಚ್ಚು ಗಮನ ಕೊಡದಾದವು. ಒಂದೇ ಪ್ರಚೋದನೆಗೆ ಮರುಮರಳಿ ಒಡ್ಡಿಕೊಂಡು ಪ್ರತಿಕ್ರಿಯೆ ಇಳಿಯುವ ಈ ಪ್ರಕ್ರಿಯೆಯನ್ನು ಒಗ್ಗಿಹೋಗುವಿಕೆ ಎನ್ನುತ್ತಾರೆ. ಆದರೆ ಅವು ದಣಿದಿರಲಿಲ್ಲ. ಆಟಿಕೆಯ ಬಣ್ಣವನ್ನಷ್ಟೇ ಕಪ್ಪಿನಿಂದ ಬಿಳಿಗೋ ಬಿಳಿಯಿಂದ ಕಪ್ಪಿಗೋ ಬದಲಿಸಿ ಕೆಲವೇ ನಿಮಿಷಗಳಲ್ಲಿ ಮತ್ತೆ ಒಡ್ಡಿದಾಗ, ಅವು ಮೊದಲ ಸಲಕ್ಕಿಂತಲೂ ಹೆಚ್ಚಿನ ಹುರುಪಿನಿಂದ ಆಡಿದವು. ಬೆಕ್ಕು ಬೇಸತ್ತಿದ್ದು ಬದಲಾಗದ ವಸ್ತುವಿನಿಂದಲೇ ಹೊರತು ಆಟದಿಂದಲ್ಲ. ನಿಜವಾದ ಬೇಟೆಯ ಮೇಲೆ ಪಂಜ, ಹಲ್ಲು ಬಿದ್ದಾಗ ಗರಿ ಉದುರುತ್ತದೆ, ತೊಗಲು ಹರಿಯುತ್ತದೆ, ಅದರ ಚಲನೆ ಕುಂದುತ್ತದೆ. ತನ್ನ ಪ್ರಯತ್ನ ಫಲಿಸುತ್ತಿದೆಯೆಂಬ ಸೂಚನೆ ಬೆಕ್ಕಿಗೆ ಸಿಗುತ್ತದೆ. ಎಷ್ಟು ಕಚ್ಚಿದರೂ ಕಿಂಚಿತ್ತೂ ಜಗ್ಗದ ರಬ್ಬರಿನ ಇಲಿ ಅಂಥ ಯಾವ ಸೂಚನೆಯನ್ನೂ ಕೊಡದಿರುವುದರಿಂದ, ಗೆಲ್ಲಲಾಗದ ಬೇಟೆಯಂತೆ ಅದನ್ನು ಬೆಕ್ಕು ಕೈಬಿಡುತ್ತದೆ. ಕೊಳ್ಳುವವರು ಬಾಳಿಕೆಯನ್ನು ಗುಣವೆಂದು ನೋಡುತ್ತಾರೆ, ಬಳಸುವ ಪ್ರಾಣಿಗೆ ಅದೇ ದೋಷ. ಆಟಿಕೆ ತಯಾರಕರ ಇಕ್ಕಟ್ಟು ಇರುವುದು ಇಲ್ಲಿಯೇ.

ಮನೆಯ ಚಿಲ್ಲರೆ ವಸ್ತುಗಳ ಮೇಲುಗೈ ಇದರಿಂದ ಸ್ಪಷ್ಟವಾಗುತ್ತದೆ. ಮುದುಡಿ ಎಸೆದ ಕಾಗದದ ಉಂಡೆ ಪ್ರತಿ ಕಚ್ಚಿಗೂ ಚೂರಾಗುತ್ತದೆ, ಹಿಂಗಾಲಿನಿಂದ ಒದ್ದರೆ ಬಿಚ್ಚಿಕೊಳ್ಳುತ್ತದೆ, ಮರುದಿನ ಕಸ ಗುಡಿಸುವಾಗ ಹೋಗಿ ಅದರ ಜಾಗಕ್ಕೆ ಬೇರೆಯೇ ಆಕಾರದ ಉಂಡೆ ಬರುತ್ತದೆ. ತೆಂಗಿನಗರಿಯ ಹಿಡಿಕಡ್ಡಿಯಿಂದ ಕಿತ್ತುಬಂದ ಒಂಟಿ ಕಡ್ಡಿ ಬಾಗಿ ಚಿಮ್ಮುತ್ತದೆ. ಜೋಳದ ತೆನೆಯ ಸಿಪ್ಪೆ ಒಣಗುತ್ತ ಹೋದಂತೆ ಸದ್ದು ಬದಲಿಸುತ್ತದೆ. ಗೋಟಡಿಕೆ ನೇರವಾಗಿ ಉರುಳದೆ ಎತ್ತೆತ್ತಲೋ ಹೊರಳುತ್ತದೆ. ಮಲೆನಾಡಿನ ಅಡಿಕೆ ಸುಲಿಯುವ ಚಪ್ಪರದಲ್ಲಿ ಮರಿಬೆಕ್ಕಿಗೆ ಬೇರೆ ಆಟಿಕೆಯ ಅಗತ್ಯವೇ ಬೀಳದಿರುವುದು ಇದೇ ಕಾರಣಕ್ಕೆ. ಮೇಜಿನ ಅಂಚಿನಿಂದ ಪೆನ್ನು, ಲೋಟ ಇತ್ಯಾದಿಗಳನ್ನು ಮೆಲ್ಲಗೆ ತಳ್ಳಿ ಬೀಳಿಸುವ ಪ್ರಸಿದ್ಧ ಚಾಳಿಯಲ್ಲಿ ವಸ್ತುವನ್ನು ಪಂಜದಿಂದ ಪರೀಕ್ಷಿಸುವ ಸ್ವಭಾವದ ಜೊತೆಗೆ ಇನ್ನೊಂದು ಅಂಶವೂ ಸೇರುತ್ತದೆ: ಲೋಟ ಬಿದ್ದೊಡನೆ ಮನೆಮಂದಿ ಓಡಿ ಬರುತ್ತಾರೆಂಬುದನ್ನು ಬೆಕ್ಕು ಬಹುಬೇಗ ಕಲಿಯುತ್ತದೆ.

ಆಟವೆಂಬುದು ಮುಂದಿನ ಬೇಟೆಗೆ ತಾಲೀಮು ಎಂಬ ಮಾತು ಎಷ್ಟು ಸಹಜವಾಗಿ ತೋರುತ್ತದೆಯೋ ಅಷ್ಟೇ ಸುಲಭವಾಗಿ ಸಾಬೀತಾಗಿಲ್ಲ. ಟಿ. ಎಂ. ಕಾರೊ ಅವರು 1980ರ ಸುಮಾರಿಗೆ ನಡೆಸಿದ ಅಧ್ಯಯನಗಳಲ್ಲಿ, ಮರಿಯಾಗಿದ್ದಾಗ ವಸ್ತುಗಳೊಂದಿಗೆ ಆಡಿದ ಅನುಭವವು ದೊಡ್ಡದಾದ ಮೇಲಿನ ಬೇಟೆಯ ನೈಪುಣ್ಯವನ್ನು ಗಮನಾರ್ಹವಾಗಿ ಹೆಚ್ಚಿಸಿದಂತೆ ಕಾಣಲಿಲ್ಲ. ತಾಯಿಯ ಸಾನ್ನಿಧ್ಯ ಮತ್ತು ನಿಜವಾದ ಬೇಟೆಯ ಪರಿಚಯದ ಪಾಲು ಹೆಚ್ಚಿನದಾಗಿತ್ತು.

ರಟ್ಟಿನ ಪೆಟ್ಟಿಗೆ ಈ ಸಾಮಾನುಗಳ ಸಾಲಿಗೆ ಸೇರಿದ್ದರೂ ಅದರ ಆಕರ್ಷಣೆಯ ಬಗೆ ಬೇರೆ; ಬೆಕ್ಕು ಅದನ್ನು ಬೇಟೆಯಾಡದೆ ಅದರೊಳಗೆ ಸೇರಿ ಹೊಂಚುಹಾಕುತ್ತದೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ, ಪ್ರಾಣಿಗಳ ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಿಕೊಳ್ಳಲು ಪೆಟ್ಟಿಗೆ ಕೊಟ್ಟು, ಉಳಿದವುಗಳಿಗೆ ಕೊಡದೆ ನೋಡಿದಾಗ, ಪೆಟ್ಟಿಗೆ ಸಿಕ್ಕ ಬೆಕ್ಕುಗಳ ದಿಗಿಲು ಮೊದಲ ಕೆಲವು ದಿನಗಳಲ್ಲೇ ಇಳಿದಿತ್ತು. ಮೂರು ಕಡೆ ಗೋಡೆಯಿದ್ದು ಒಂದೇ ಕಡೆಯಿಂದ ಲೋಕ ಕಾಣುವ ಸ್ಥಳವು ಹೊಂಚುಹಾಕುವ ಪ್ರಾಣಿಗೂ, ತಾನೇ ಇನ್ನೊಂದರ ಬೇಟೆಯಾಗಬಹುದಾದ ಸಣ್ಣ ಪ್ರಾಣಿಗೂ ಸಮಾನವಾಗಿ ಒಪ್ಪುತ್ತದೆ, ಬೆಕ್ಕು ಈ ಎರಡೂ ಹೌದು. ಬಿಸಿಯೂ ಒಂದು ಕಾರಣ: ದೇಹವು ಹೆಚ್ಚುವರಿ ಶಕ್ತಿ ವ್ಯಯಿಸದೆ ತನ್ನ ಉಷ್ಣತೆಯನ್ನು ಕಾಯ್ದುಕೊಳ್ಳಬಲ್ಲ ಹವೆಯ ಮಿತಿ ಬೆಕ್ಕಿಗೆ ಸುಮಾರು 30ರಿಂದ 38 ಡಿಗ್ರಿ ಸೆಲ್ಸಿಯಸ್ ಆಗಿದ್ದು, ಬೆಂಗಳೂರಿನ ಡಿಸೆಂಬರ್ ರಾತ್ರಿ ಅದಕ್ಕೆ ಚಳಿಯೇ ಸರಿ. ಕುತೂಹಲದ ಸಂಗತಿಯೆಂದರೆ ಪೆಟ್ಟಿಗೆಯ ಗೋಡೆಯೂ ಕೆಲವೊಮ್ಮೆ ಬೇಕಾಗುವುದಿಲ್ಲ. ಗೇಬ್ರಿಯೆಲಾ ಸ್ಮಿತ್ ಮತ್ತು ಸಂಗಡಿಗರು 2021ರಲ್ಲಿ ಬೆಕ್ಕು ಸಾಕಿದವರ ನೆರವಿನಿಂದ ಅವರವರ ಮನೆಗಳಲ್ಲೇ ನಡೆಸಿದ ಪ್ರಯೋಗದಲ್ಲಿ, ನಾಲ್ಕು ಮೂಲೆಗಳ ಗುರುತಿನಿಂದ ಚೌಕವಿರುವಂತೆ ಭ್ರಮೆ ಹುಟ್ಟಿಸುವ ಆಕೃತಿಯನ್ನು ನೆಲಕ್ಕೆ ಅಂಟಿಸಿದಾಗ, ಬೆಕ್ಕುಗಳು ನಿಜವಾದ ಚೌಕದೊಳಗೆ ಕುಳಿತಷ್ಟೇ ಸಲ ಅದರೊಳಗೂ ಕುಳಿತವು. ಕೊನೆಯವರೆಗೆ ಉಳಿದ ಬೆಕ್ಕುಗಳ ಸಂಖ್ಯೆ 30 ಮಾತ್ರವಾದ್ದರಿಂದ ಈ ಫಲಿತಾಂಶದ ಮೇಲೆ ಹೆಚ್ಚು ಭಾರ ಹೇರಲಾಗದು.

ವಾಸನೆಯಿಂದ ಆಟಿಕೆಯಾಗುವ ವಸ್ತುಗಳೂ ಇವೆ. ಪಾಶ್ಚಾತ್ಯ ದೇಶಗಳಲ್ಲಿ ಕ್ಯಾಟ್‌ನಿಪ್ ಎಂಬ, ತುಳಸಿಯ ಕುಟುಂಬಕ್ಕೆ ಸೇರಿದ ಗಿಡದ ಒಣ ಎಲೆಯನ್ನು ಚಿಂದಿಬಟ್ಟೆಯಲ್ಲಿ ತುಂಬಿ ಕೊಡುವ ವಾಡಿಕೆಯಿದೆ. ಅದರಲ್ಲಿರುವ ನೆಪೆಟಾಲ್ಯಾಕ್ಟೋನ್ ಎಂಬ ರಾಸಾಯನಿಕಕ್ಕೆ ಸುಮಾರು ಮೂರನೆಯ ಎರಡು ಪಾಲು ಬೆಕ್ಕುಗಳು ಮೈಮರೆತು ಹೊರಳಾಡುತ್ತವೆ, ಉಳಿದವು ಮೂಸಿ ಹೊರಟುಹೋಗುತ್ತವೆ. ಈ ವ್ಯತ್ಯಾಸ ಬಹುಮಟ್ಟಿಗೆ ಅನುವಂಶೀಯವಾದುದು. ಕರ್ನಾಟಕದ ರಸ್ತೆಬದಿಯಲ್ಲಿಯೂ ಹಿತ್ತಲಿನಲ್ಲಿಯೂ ಕಳೆಯಾಗಿ ಬೆಳೆಯುವ ಕುಪ್ಪಿಗಿಡಕ್ಕೆ ಇಂಥದೇ ಗುಣವಿರುವುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆ ಗಿಡವನ್ನು ಬೇರುಸಹಿತ ಕಿತ್ತಾಗ ಬೇರಿನ ವಾಸನೆಗೆ ಬೆಕ್ಕುಗಳು ಓಡಿಬಂದು ಮುಖ ಉಜ್ಜುತ್ತವೆ. ನೆಪೆಟಾಲ್ಯಾಕ್ಟೋನಿನ ಹತ್ತಿರದ ಸಂಬಂಧಿಯಾದ ರಾಸಾಯನಿಕವು ಅದರಲ್ಲಿರುವುದನ್ನು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಗುರುತಿಸಿದೆ. ನಾಟಿ ವೈದ್ಯದಲ್ಲಿ ಬಳಕೆಯಲ್ಲಿರುವ ಗಿಡವಾದುದರಿಂದ ಮೂಸಲು ಬಿಡಬಹುದೇ ವಿನಾ ಬೆಕ್ಕಿಗೆ ತಿನ್ನಿಸಬೇಕಾದುದಲ್ಲ.

ಹರಿಯುವ, ಹೊರಳುವ, ಬದಲಾಗುವ ಗುಣವೇ ವಸ್ತುವನ್ನು ಒಳ್ಳೆಯ ಆಟಿಕೆಯಾಗಿಸುತ್ತದೆ ಎಂದಮೇಲೆ ಅದರ ಇನ್ನೊಂದು ಮಗ್ಗುಲನ್ನೂ ವಿವರವಾಗಿ ನೋಡಬೇಕಾಗುತ್ತದೆ. ಚಿತ್ರಗಳಲ್ಲಿ ಬೆಕ್ಕಿನ ಜೊತೆಗೆ ಉಣ್ಣೆದಾರದ ಉಂಡೆಯನ್ನು ಬರೆಯುವುದು ಎಷ್ಟು ವಾಡಿಕೆಯೋ, ಪಶುವೈದ್ಯರ ಪಾಲಿಗೆ ದಾರ ಅಷ್ಟೇ ಅನಿಷ್ಟ. ಬೆಕ್ಕಿನ ನಾಲಗೆಯ ಮೇಲೆ ಗಂಟಲ ಕಡೆಗೆ ಬಾಗಿದ ಸಣ್ಣ ಮುಳ್ಳಿನಂಥ ಗಟ್ಟಿ ರಚನೆಗಳಿವೆ. ಮೂಳೆಯಿಂದ ಮಾಂಸ ಕೆರೆಯಲೂ ತುಪ್ಪಳ ಬಾಚಲೂ ಇವು ಅನುಕೂಲ. ಆದರೆ ಬಾಯಿಗೆ ಸಿಕ್ಕ ದಾರವನ್ನು ಇವು ಹಿಂದಕ್ಕೇ ತಳ್ಳುವುದರಿಂದ, ಉಗುಳಬೇಕೆಂದರೂ ಬೆಕ್ಕಿಗೆ ಸುಲಭವಾಗಿ ಉಗುಳಲಾಗುವುದಿಲ್ಲ. ಹೀಗೆ ನುಂಗಿದ ದಾರದ ಒಂದು ತುದಿ ಕೆಲವೊಮ್ಮೆ ನಾಲಗೆಯ ಬುಡಕ್ಕೆ ಸುತ್ತಿಕೊಳ್ಳುತ್ತದೆ, ಇಲ್ಲವೇ ಜಠರದಿಂದ ಕರುಳಿಗೆ ಹೋಗುವ ದ್ವಾರದಲ್ಲಿ ಗಂಟಾಗಿ ನಿಲ್ಲುತ್ತದೆ. ಉಳಿದ ಭಾಗ ಕರುಳಿನೊಳಗೆ ಇಳಿಯುತ್ತದೆ. ಆಹಾರವನ್ನು ಮುಂದೂಡಲು ಕರುಳು ಅಲೆಯಲೆಯಾಗಿ ಸಂಕುಚಿಸಿದಂತೆಲ್ಲ, ಮುಂದೆ ಸಾಗಲಾರದ ದಾರದ ಮೇಲೆ ಕರುಳೇ ಏರಿ, ಲಾಡಿ ಎಳೆದಾಗ ಪಾಯಿಜಾಮದ ಸೊಂಟ ನೆರಿಗೆಗಟ್ಟುವಂತೆ ಮುದುಡಿಕೊಳ್ಳುತ್ತದೆ. ಬಿಗಿದ ದಾರವು ಕರುಳಿನ ಒಳಗೋಡೆಯನ್ನು ಕೊಯ್ದು ತೂತುಮಾಡುವುದೂ ಉಂಟು. ಪಶುವೈದ್ಯಶಾಸ್ತ್ರವು ಇದನ್ನು ರೇಖಾರೂಪದ ಅನ್ಯವಸ್ತುವಿನ ತೊಡಕು ಎಂದು ಗುರುತಿಸುತ್ತದೆ. ಮತ್ತೆ ಮತ್ತೆ ವಾಂತಿ, ಅನ್ನ ಬಿಡುವುದು, ಮಂಕಾಗಿ ಮೂಲೆ ಹಿಡಿಯುವುದು ಇದರ ಲಕ್ಷಣಗಳು. ಪರಿಹಾರ ಬಹುಮಟ್ಟಿಗೆ ಶಸ್ತ್ರಕ್ರಿಯೆಯೇ. ದಾರದ ತುದಿ ಬಾಯಿಯಲ್ಲೋ ಗುದದ್ವಾರದಲ್ಲೋ ಕಂಡಾಗ ಅದನ್ನು ಎಳೆದು ತೆಗೆಯಲು ಯತ್ನಿಸಿದರೆ ಒಳಗಿನ ಕೊಯ್ತ ಹೆಚ್ಚಾಗುವುದರಿಂದ, ಕೈಹಚ್ಚದೆ ವೈದ್ಯರ ಬಳಿಗೆ ಒಯ್ಯಬೇಕು.

ಈ ದೃಷ್ಟಿಯಿಂದ ಕನ್ನಡನಾಡಿನ ಮನೆಯೊಂದರಲ್ಲಿ ಎಚ್ಚರ ವಹಿಸಬೇಕಾದ ವಸ್ತುಗಳು ಹಲವು: ಸೂಜಿ ಪೋಣಿಸಿಟ್ಟ ಹೊಲಿಗೆಯ ನೂಲು, ಹೂಮಾಲೆಯ ದಾರ ಮತ್ತು ಬಾಳೆನಾರು, ಹಬ್ಬದ ತೋರಣದ ಜರಿ, ಸೀರೆಯ ಕುಚ್ಚು, ತಲೆಗೂದಲಿಗೆ ಕಟ್ಟುವ ರಬ್ಬರ್ ಬ್ಯಾಂಡ್, ಗಾಜಿನ ಪುಡಿ ಹಚ್ಚಿದ ಗಾಳಿಪಟದ ಮಾಂಜಾ. ಮಲ್ಲಿಗೆಯ ದಾರ ಹೂವಿನ ಪರಿಮಳದೊಡನೆ ಬರುವುದರಿಂದ ಯಾರೂ ಅದನ್ನು ಅಪಾಯವೆಂದು ನೋಡುವುದಿಲ್ಲ. ಬಾಡಿದ ಮಾಲೆಯನ್ನು ದೇವರ ಪಟದಿಂದ ತೆಗೆದು ನೆಲಕ್ಕಿಟ್ಟ ಕ್ಷಣದಲ್ಲೇ ಬೆಕ್ಕು ಅದನ್ನು ಕಚ್ಚಿಕೊಂಡು ಮಂಚದಡಿಗೆ ಹೋಗಿರುತ್ತದೆ. ದಾರದ ಗುಂಪಿಗೆ ಸೇರದಿದ್ದರೂ ನುಸಿಗುಳಿಗೆಯನ್ನು ಇಲ್ಲಿ ಹೆಸರಿಸಲೇಬೇಕು. ಬಿಳಿಯ, ಗುಂಡಗಿನ, ಹಗುರವಾದ, ನುಣುಪು ನೆಲದ ಮೇಲೆ ಲೀಲಾಜಾಲವಾಗಿ ಉರುಳುವ ಈ ಗುಳಿಗೆ ಆಟಿಕೆಗೆ ಬೇಕಾದ ಲಕ್ಷಣಗಳನ್ನೆಲ್ಲ ಹೊಂದಿದೆ, ಆದರೆ ಅದರ ನ್ಯಾಫ್ತಲೀನ್ ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಗೆಡವುವ ವಿಷ. ಈರುಳ್ಳಿ, ಬೆಳ್ಳುಳ್ಳಿಗಳೂ ಬೆಕ್ಕಿನ ರಕ್ತಕಣಗಳಿಗೆ ಹಾನಿಕರವಾದುದರಿಂದ ಅಡುಗೆಮನೆಯ ನೆಲದಲ್ಲಿ ಉರುಳುವ ಬೆಳ್ಳುಳ್ಳಿಯ ಎಸಳನ್ನೂ ಆಟಕ್ಕೆ ಬಿಡುವಂತಿಲ್ಲ. ಕೈಗಡಿಯಾರದ ಗುಂಡಿಯಂಥ ಬ್ಯಾಟರಿ ಒಳಗೆ ಹೋದರೆ ಅನ್ನನಾಳವನ್ನು ಸುಡುತ್ತದೆ. ಪ್ಲಾಸ್ಟಿಕ್ ಚೀಲದ ಹಿಡಿಕೆಯೊಳಗೆ ತಲೆ ಸಿಕ್ಕಿಸಿಕೊಂಡು ಗಾಬರಿಯಿಂದ ಓಡುವ ಬೆಕ್ಕು ಕೊರಳು ಬಿಗಿದುಕೊಳ್ಳುವ ಸಂಭವವಿರುವುದರಿಂದ ಹಿಡಿಕೆಯನ್ನು ಮೊದಲು ಕತ್ತರಿಸುವುದು ಲೇಸು. ಲೇಸರ್ ದೀಪದ ಚುಕ್ಕೆಯಲ್ಲಿ ನುಂಗುವ ಅಪಾಯವೇನೂ ಇಲ್ಲ, ಕಣ್ಣಿಗೆ ನೇರವಾಗಿ ಬೀಳದಂತೆ ನೋಡಿಕೊಂಡರೆ ಸರಿ. ಆದರೆ ಎಂದೂ ಪಂಜಕ್ಕೆ ಸಿಗದ ಬೇಟೆ ಅದು. ಲೇಸರ್ ಆಟ ಹೆಚ್ಚಾಗಿರುವ ಬೆಕ್ಕುಗಳಲ್ಲಿ ನೆರಳು, ಬೆಳಕುಗಳ ಬೆನ್ನುಹತ್ತುವ ಗೀಳು ಹೆಚ್ಚೆಂದು ಸಾಕಿದವರು ವರದಿ ಮಾಡಿರುವುದು 2021ರ ಸಮೀಕ್ಷೆಯೊಂದರಲ್ಲಿ ದಾಖಲಾಗಿದೆ. ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ಸಮೀಕ್ಷೆಯೊಂದರಿಂದ ಹೇಳಲಾಗದು.

ಆಟಕ್ಕೆ ಪ್ರಾಯೋಗಿಕವಾದ ಬೆಲೆಯೂ ಇದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 219 ಮನೆಗಳ 355 ಬೆಕ್ಕುಗಳನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಮಂದಿ ದಿನಕ್ಕೆ ಐದರಿಂದ ಹತ್ತು ನಿಮಿಷ ಆಟವಾಡಿಸಿದ ಬೆಕ್ಕುಗಳು ಮನೆಗೆ ಹೊತ್ತು ತರುವ ಬೇಟೆಯ ಸಂಖ್ಯೆ ಶೇ. 25ರಷ್ಟು ಇಳಿಯಿತು, ಮಾಂಸದ ಪ್ರಮಾಣ ಹೆಚ್ಚಿರುವ ಆಹಾರ ಕೊಟ್ಟಾಗ ಶೇ. 36ರಷ್ಟು ಇಳಿಯಿತು. ಕೊರಳಿಗೆ ಗಂಟೆ ಕಟ್ಟಿದ್ದರಿಂದ ಒಟ್ಟಾರೆ ಪರಿಣಾಮವೇನೂ ಕಾಣಲಿಲ್ಲ. ತಡಕಾಡಿ ಆಹಾರ ಹೊರತೆಗೆಯಬೇಕಾದ ಡಬ್ಬಿಯಂಥ ಸಾಧನವನ್ನು ಕೊಟ್ಟಾಗ ಬೇಟೆ ಶೇ. 33ರಷ್ಟು ಏರಿತು. ಹಿತ್ತಲಿನ ಅಳಿಲು, ಓತಿ, ಗುಬ್ಬಿಗಳನ್ನು ಉಳಿಸಬೇಕೆನ್ನುವವರಿಗೆ ಆಟದ ಈ ಹತ್ತು ನಿಮಿಷ ಗಂಟೆಗಿಂತ ಹೆಚ್ಚು ಉಪಯುಕ್ತ. ದಾರ ಕಟ್ಟಿದ ಕೋಲನ್ನು ಆಡಿಸಿ, ಕೊನೆಗೆ ಹಿಡಿಯಗೊಟ್ಟು, ಆಟ ಮುಗಿದೊಡನೆ ಕಪಾಟಿನಲ್ಲಿಟ್ಟು ಬಾಗಿಲು ಹಾಕುವುದು, ಮರುದಿನ ಬೇರೊಂದನ್ನು ಹೊರತೆಗೆಯುವುದು ಸೌತಾಂಪ್ಟನ್ನಿನ ಪ್ರಯೋಗಕ್ಕೂ ಪಶುವೈದ್ಯರ ಎಚ್ಚರಿಕೆಗೂ ಒಟ್ಟಿಗೆ ಹೊಂದುವ ಕ್ರಮ.

ಕೆಲವು ಬೆಕ್ಕುಗಳು ಎಸೆದುದನ್ನು ನಾಯಿಯಂತೆ ಕಚ್ಚಿ ತರುತ್ತವೆ. ಬ್ರಿಟನ್ನಿನ ಸಂಶೋಧಕರು ಇಂಥ 1,154 ಬೆಕ್ಕುಗಳ ವಿವರವನ್ನು 924 ಮಂದಿಯಿಂದ ಸಂಗ್ರಹಿಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಶೇ. 94.4ರಷ್ಟು ಬೆಕ್ಕುಗಳಿಗೆ ಯಾರೂ ಇದನ್ನು ಕಲಿಸಿರಲಿಲ್ಲ. ಅಕಸ್ಮಾತ್ ಎಸೆದದ್ದನ್ನೋ ಉದುರಿದ್ದನ್ನೋ ಅವು ತಾವಾಗಿಯೇ ತಂದು ಮುಂದಿಟ್ಟಾಗ ಮನೆಯವರಿಗೆ ವಿಷಯ ತಿಳಿದಿತ್ತು. ತಂದಿಡುತ್ತಿದ್ದ ಸಾಮಾನುಗಳಲ್ಲಿ ಕಾಗದದ ಉಂಡೆ, ಬಾಟಲಿಯ ಮುಚ್ಚಳ, ಕೂದಲಿನ ಬ್ಯಾಂಡುಗಳು ಸೇರಿದ್ದವು. ಆಟವನ್ನು ಆರಂಭಿಸುವುದರಲ್ಲಿಯೂ ನಿಲ್ಲಿಸುವುದರಲ್ಲಿಯೂ ಮನೆಯವರಿಗಿಂತ ಬೆಕ್ಕಿನ ಮಾತೇ ಹೆಚ್ಚು ನಡೆಯುತ್ತಿತ್ತು. ಬೆಕ್ಕೇ ಆರಂಭಿಸಿದ ಆಟದಲ್ಲಿ ಅದು ಹೆಚ್ಚು ಸಲ ತಂದುಕೊಡುತ್ತಿತ್ತು.